ಮತ್ತು ಇತರರು

ಆ ಮೂವತ್ತು ದಿನ, ಕಚೇರಿಗೆ ಬಂದ ಕಾಗದಕ್ಕೆ ಹೊಡೆಯುವ ಆವಕ ಮುದ್ರೆ ನನ್ನ ಮೇಜಿನ ಮೇಲಿತ್ತು. ಟಪಾಲು ನೋಡಿಕೊಳ್ಳುತ್ತಿದ್ದವರು ಹೆರಿಗೆ ರಜೆಯಲ್ಲಿದ್ದರು. ಹಾಗಾಗಿ ಮುದ್ರೆ, ಶಾಯಿ ಪ್ಯಾಡು, ಆವಕ ಪುಸ್ತಕ ಮೂರನ್ನೂ ತಂದು ನನ್ನ ತಲೆಗೆ ಕಟ್ಟಿದ್ದರು. ನಾನು ನಗರಾಡಳಿತದ ಒಂದು ಕಚೇರಿಯಲ್ಲಿ ವಿಷಯ ನಿರ್ವಾಹಕಿ. ಕಡತ ತೆರೆಯುವುದು, ಟಿಪ್ಪಣಿ ಬರೆಯುವುದು, ಸಾಹೇಬರ ಮುಂದೆ ಮಂಡಿಸುವುದು, ಇಷ್ಟೇ ಕೆಲಸ. ಕಚೇರಿ ಹಲಸೂರು ಕೆರೆಯಿಂದ ನಡೆದು ಹೋಗುವಷ್ಟು ದೂರ.

ಮೂವತ್ತು ದಿನ ಯಾವುದಕ್ಕೆಂದರೆ ಒಂದು ಕರಡು ಪ್ರಕಟಣೆಗೆ. ಹಲಸೂರು ಮುಗಿದು ಇಂದಿರಾನಗರ ಶುರುವಾಗುವ ಕಡೆ ಒಂದು ಅಡ್ಡರಸ್ತೆಯಿದೆ. ಅದರ ಎರಡೂ ಬದಿಯಲ್ಲಿ ಬೀದಿ ವ್ಯಾಪಾರಿಗಳು ಕೂರುತ್ತಾರೆ. ಸೊಪ್ಪು, ವೀಳ್ಯದೆಲೆ, ಬಾಳೆಎಲೆ ಮಾರುವವರು, ಚಪ್ಪಲಿ ಹೊಲಿಯುವವರು, ಕುಕ್ಕರ್ ರಿಪೇರಿ ಮಾಡುವವರು. ನಾನು ಕೆಲಸಕ್ಕೆ ಸೇರುವ ಮುಂಚಿನಿಂದಲೂ ಅವರು ಅಲ್ಲೇ ಇದ್ದಾರೆ. ಈಚೆಗೆ ಆ ರಸ್ತೆಯ ಬಂಗಲೆಗಳೆಲ್ಲ ಒಂದೊಂದಾಗಿ ರೆಸ್ಟೋರೆಂಟು, ಪಬ್ಬು ಆದವು. ಅಲ್ಲಿಗೆ ಬರುವವರಿಗೆ ಕಾರು ನಿಲ್ಲಿಸಲು ಜಾಗ ಬೇಕಾಯಿತು. ರಸ್ತೆಯನ್ನು ವ್ಯಾಪಾರ ನಿಷೇಧಿತ ವಲಯವೆಂದು ಘೋಷಿಸಿ ಎರಡೂ ಬದಿ ಪಾರ್ಕಿಂಗ್ ಮಾಡಬೇಕು ಎಂಬುದು ಕರಡು. ಸಾರ್ವಜನಿಕರು ಮೂವತ್ತು ದಿನದೊಳಗೆ ಸಲಹೆ, ಆಕ್ಷೇಪಣೆ ಕೊಡಬಹುದು. ಬಂದದ್ದನ್ನೆಲ್ಲ ಕ್ರೋಢೀಕರಿಸಿ ಒಂದು ತಃಖ್ತೆ ಮಾಡಿ ಸಮಿತಿಯ ಮುಂದಿಡುವುದು ನನ್ನ ಪಾಲಿನ ಕೆಲಸ.

ತಃಖ್ತೆ ಎಂದರೆ ಗೆರೆ ಹಾಕಿದ ಪಟ್ಟಿ. ಕ್ರಮ ಸಂಖ್ಯೆ, ಆವಕ ಸಂಖ್ಯೆ ಮತ್ತು ದಿನಾಂಕ, ಅರ್ಜಿದಾರರ ಹೆಸರು, ಸಾರಾಂಶ, ಪರ ಅಥವಾ ವಿರೋಧ, ಕೊನೆಗೆ ಷರಾ, ಅಂದರೆ ಅಭಿಪ್ರಾಯ. ಷರಾ ಕಾಲಂನಲ್ಲಿ ಸಾಮಾನ್ಯವಾಗಿ ಯಾರೂ ಏನೂ ಬರೆಯುವುದಿಲ್ಲ. ಹತ್ತಾರು ಜನ ಸೇರಿ ಒಂದೇ ಅರ್ಜಿ ಕೊಟ್ಟರೆ ಮೊದಲ ಸಹಿದಾರರ ಹೆಸರು ಬರೆದು ಪಕ್ಕದಲ್ಲಿ ‘ಮತ್ತು ಇತರರು’ ಎಂದು ಹಾಕಿ ಒಂದು ಸಂಖ್ಯೆ ಕೊಡುತ್ತೇವೆ. ಯಾವ ನಿಯಮದಲ್ಲೂ ಹೀಗೆ ಬರೆದಿಲ್ಲ. ನನಗೆ ಕೆಲಸ ಕಲಿಸಿದ ಮೇಡಂ ಹೀಗೆ ಮಾಡುತ್ತಿದ್ದರು, ನಾನೂ ಹೀಗೇ ಮಾಡುತ್ತಿದ್ದೆ. ಇಪ್ಪತ್ತಾರು ವರ್ಷದಲ್ಲಿ ಯಾರೂ ಯಾಕೆ ಎಂದು ಕೇಳಿರಲಿಲ್ಲ.

ಹನ್ನೊಂದನೆಯದೋ ಹನ್ನೆರಡನೆಯದೋ ದಿನ, ಸಂಜೆ ನಾಲ್ಕೂವರೆಗೆ, ಕುಕ್ಕರ್ ಭಾಯ್ ಬಂದರು. ಶಿವಾಜಿನಗರದವರು. ಆ ರಸ್ತೆಯ ಟ್ರಾನ್ಸ್‌ಫಾರ್ಮರ್ ಪಕ್ಕ ಕೂತು ಕುಕ್ಕರಿನ ಹಿಡಿ, ವಾಷರ್, ಸ್ಟೌವಿನ ಬರ್ನರ್ ಎಲ್ಲ ಸರಿಮಾಡಿಕೊಡುತ್ತಾರೆ. ನಮ್ಮ ಮನೆಯ ಎರಡು ಕುಕ್ಕರ್ ಅವರ ಕೈಯಲ್ಲೇ ಬದುಕಿ ಉಳಿದಿವೆ. ಅವರ ಹಿಂದೆ ವೀಳ್ಯದೆಲೆ ಮಾರುವ ಅಕ್ಕ. ಭಾಯ್ ಕೈಯಲ್ಲಿ ಒಂದು ಬಟ್ಟೆಚೀಲ. ಅದರಿಂದ ಕಾಗದಗಳನ್ನು ತೆಗೆದು ನನ್ನ ಮೇಜಿನ ಮೇಲೆ ಸುರಿದರು. ನೋಟ್‌ಬುಕ್ಕಿನಿಂದ ಹರಿದ ಹಾಳೆ, ಕ್ಯಾಲೆಂಡರಿನ ಹಿಂಬದಿ, ಕೆಲವು ಕನ್ನಡದಲ್ಲಿ, ಕೆಲವು ತಮಿಳಿನಲ್ಲಿ, ಉರ್ದುವಿನಲ್ಲಿ.

“ಮೇಡಂ, ನೂರ ನಲವತ್ತೊಂದು ಇದೆ. ಒಬ್ಬೊಬ್ರದ್ದು ಒಂದೊಂದು ಪೇಪರ್. ಎಲ್ಲಾದಕ್ಕೂ ಸೀಲ್ ಹೊಡ್ದು ಕೊಡಿ” ಎಂದರು.

ನಾನು ಗಡಿಯಾರ ನೋಡಿದೆ. ನೂರ ನಲವತ್ತೊಂದು ಮುದ್ರೆ, ನೂರ ನಲವತ್ತೊಂದು ನಮೂದು, ಅಷ್ಟೇ ಸ್ವೀಕೃತಿ. ಉರ್ದು ಓದಿಸಲು ಬೇರೆ ಶಾಖೆಯಿಂದ ಒಬ್ಬರನ್ನು ಕರೆಯಬೇಕು. ನಿಜ ಹೇಳುತ್ತೇನೆ, ನನಗೆ ಕಂಡದ್ದು ಅಷ್ಟೇ. ಆದರೆ ಬಾಯಲ್ಲಿ ಬಂದದ್ದು ಬೇರೆ.

“ಇದ್ಯಾಕೆ ಭಾಯ್, ಹಿಂಗೆ ಚೂರು ಚೂರು? ಒಂದೇ ಅರ್ಜಿ ಬರೆಸಿ. ಕೆಳಗೆ ಎಲ್ರೂ ಸೈನ್ ಹಾಕಿ. ಒಗ್ಗಟ್ಟಾಗಿ ಇರತ್ತೆ, ನೋಡೋರಿಗೂ ಭಾರ ಅನ್ಸತ್ತೆ.”

“ಅಚ್ಛಾ? ಹಂಗೆ ಮಾಡಿದ್ರೆ ಸ್ಟ್ರಾಂಗ್ ಆಗತ್ತಾ?”

“ಆಗತ್ತೆ.”

ಭಾಯ್ ಕಾಗದಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡರು. ಎಲೆ ಅಕ್ಕನಿಗೆ ಮಾತ್ರ ಬೇಜಾರಾಯಿತು. ಆಕೆಯ ಹಾಳೆಯಲ್ಲಿ ಹೆಬ್ಬೆಟ್ಟಿನ ಬದಲು ಸಹಿ ಇತ್ತು. ಮೊಮ್ಮಗಳು ಒಂದು ವಾರ ಕೂರಿಸಿಕೊಂಡು ಕಲಿಸಿದ್ದಳಂತೆ.

“ಅಮ್ಮಾ, ನಾನ್ ಚೆನ್ನಾಗ್ ಹಾಕಿದ್ನಲ್ಲಾ ಸೈನು, ಅದು ವೇಸ್ಟಾ?” ಎಂದು ಕೇಳಿದಳು.

“ಅದ್ರಲ್ಲೂ ಹಾಕಿ ಅಕ್ಕಾ, ಎಲ್ಲಿ ಹೋಗತ್ತೆ” ಎಂದೆ.

ಅದಾದ ಮೂರನೆಯ ದಿನ ಒಂದೇ ಅರ್ಜಿ ಬಂತು. ನೋಟರಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಎರಡು ಪುಟ, ಹಿಂದೆ ದಾರದಿಂದ ಹೊಲಿದ ಸಹಿ ಹಾಳೆಗಳು. ಮುದ್ರೆ ಹೊಡೆದೆ. ಕ್ರಮ ಸಂಖ್ಯೆ ಹತ್ತೊಂಬತ್ತು. ಭಾಯ್ ಹೆಸರು ಬರೆದು ‘ಮತ್ತು ಇತರರು’ ಎಂದು ಸೇರಿಸಿದೆ. ಅರ್ಧ ನಿಮಿಷದ ಕೆಲಸ.

ಕೊನೆಯ ದಿನ ಮಧ್ಯಾಹ್ನ ಆ ರಸ್ತೆಯ ರೆಸ್ಟೋರೆಂಟ್ ಮತ್ತು ಅಂಗಡಿ ಮಾಲೀಕರ ಸಂಘದ ಸಂಯೋಜಕರು ಬಂದರು. ಈ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಯಾರೊಂದಿಗೂ ಎತ್ತರಿಸಿದ ದನಿಯಲ್ಲಿ ಮಾತಾಡಿದವರಲ್ಲ. ನಮ್ಮ ಕಚೇರಿಯ ನೀರಿನ ಫಿಲ್ಟರ್ ಅವರ ಸಂಘದ್ದು, ಪ್ರಿಂಟರ್ ಅವರ ಸಂಘದ್ದು, ಎರಡರ ಮೇಲೂ ‘ಕೊಡುಗೆ’ ಎಂಬ ಸ್ಟಿಕರ್ ಇದೆ. ಶಾಸಕರು ವರ್ಷಕ್ಕೊಮ್ಮೆ ನಡೆಸುವ ಕಣ್ಣಿನ ತಪಾಸಣೆ ಶಿಬಿರದ ಪೆಂಡಾಲು, ಊಟ, ಕನ್ನಡಕ ಎಲ್ಲ ಅವರದ್ದೇ. ಇದನ್ನು ಲಂಚ ಎಂದು ಯಾರೂ ಕರೆಯಲಾರರು. ಆ ಫಿಲ್ಟರಿನ ನೀರನ್ನು ನಾನೂ ದಿನಾ ಕುಡಿಯುತ್ತೇನೆ.

ಅವರ ಹಿಂದೆ ಇಬ್ಬರು ನಾಲ್ಕು ರಟ್ಟಿನ ಪೆಟ್ಟಿಗೆ ಹೊತ್ತು ತಂದರು. ಒಳಗೆ ಸಾವಿರದ ನೂರ ಹನ್ನೆರಡು ಪತ್ರ. ಎಲ್ಲವೂ ಅಚ್ಚು ಹಾಕಿಸಿದವು, ಎಲ್ಲದರ ಒಕ್ಕಣೆಯೂ ಒಂದೇ, ಕೆಳಗೆ ಹೆಸರು, ವಿಳಾಸ, ಸಹಿ ಮಾತ್ರ ಬೇರೆ ಬೇರೆ.

“ಮೇಡಂ, ನಿಮ್ಗೆ ಕಷ್ಟ ಆಗ್ಬಾರ್ದು ಅಂತ ಎಂಟ್ರಿನೂ ಮಾಡ್ಸಿದೀವಿ. ನಿಮ್ಮ ಕಾಲಂ ಪ್ರಕಾರಾನೇ ಇದೆ. ಪೆನ್ ಡ್ರೈವ್‌ನಲ್ಲಿ ಹಾಕಿದೀನಿ, ನೀವು ಕಾಪಿ ಪೇಸ್ಟ್ ಮಾಡಿದ್ರಾಯ್ತು” ಎಂದರು.

ಪೆನ್ ಡ್ರೈವ್ ಹಾಕಿ ನೋಡಿದೆ. ನಮ್ಮದೇ ತಃಖ್ತೆ. ಷರಾ ಕಾಲಂ ಕೂಡ ಇತ್ತು, ಖಾಲಿ. ನನಗೆ ಆಗ ಸಮಾಧಾನವೇ ಆಯಿತು ಎಂದು ಒಪ್ಪಿಕೊಳ್ಳಬೇಕು. ಮುದ್ರೆ ಹೊಡೆಯುವುದಕ್ಕೇ ಎರಡು ದಿನ ಹಿಡಿಯಿತು, ಆದರೆ ಬರೆಯುವ ಕೆಲಸ ತಪ್ಪಿತು. ಒಟ್ಟು ಮಾಡಿದಾಗ ಪರ ಸಾವಿರದ ನೂರ ಹನ್ನೆರಡು, ವಿರೋಧ ಮೂವತ್ತೆಂಟು. ಆ ಮೂವತ್ತೆಂಟರಲ್ಲಿ ಭಾಯ್ ಅವರದ್ದು ಒಂದು. ಉಳಿದವು ರಸ್ತೆಯ ಹಳೆಯ ನಿವಾಸಿಗಳದ್ದು.

ವಾರದ ನಂತರ ನಮ್ಮ ಕಚೇರಿಯ ಸಭಾಂಗಣದಲ್ಲಿ ಅಹವಾಲು ಸಭೆ ನಡೆಯಿತು. ಶಾಸಕರು ಬಂದಿದ್ದರು. ತಃಖ್ತೆಗೆ ಇನ್ನೂ ಸಾಹೇಬರ ಸಹಿಯಾಗಿರಲಿಲ್ಲ, ಆದರೂ ಅಂಕಿ ಶಾಸಕರ ಬಾಯಲ್ಲಿತ್ತು.

“ನಾನೇನು ಬಡವರ ವಿರೋಧಿ ಅಲ್ರಪ್ಪಾ. ಆದ್ರೆ ಸಾವಿರಕ್ಕೂ ಜಾಸ್ತಿ ಜನ ಬೇಕು ಅಂತಿದಾರೆ, ಮೂವತ್ತೆಂಟು ಜನ ಬೇಡ ಅಂತಿದಾರೆ. ಡೆಮಾಕ್ರಸಿ ಅಂದ್ಮೇಲೆ ನಂಬರ್ ನೋಡ್ಬೇಕಲ್ವಾ?” ಎಂದರು.

ಭಾಯ್ ಎದ್ದು ನಿಂತರು. “ಸಾರ್, ನಾವೇ ನೂರ ನಲವತ್ತೊಂದು ಜನ ಸೈನ್ ಹಾಕಿದೀವಿ.”

ಸಾಹೇಬರು ತಃಖ್ತೆ ತಿರುವಿ ಬೆರಳಿಟ್ಟು ತೋರಿಸಿದರು. “ಕ್ರಮ ಸಂಖ್ಯೆ ಹತ್ತೊಂಬತ್ತು. ಒಂದೇ ಅರ್ಜಿ ಕಣ್ರೀ ಅದು. ಒಂದು ಅಂತ್ಲೇ ಲೆಕ್ಕ.”

ಭಾಯ್ ನನ್ನ ಕಡೆ ನೋಡಿದರು. ನಾನು ಸಾಹೇಬರ ಹಿಂದಿನ ಸಾಲಿನಲ್ಲಿ ಕಡತ ಹಿಡಿದು ಕೂತಿದ್ದೆ. ಈ ಮೇಡಮ್ಮೇ ಹೇಳಿದ್ದು ಎಂದು ಅವರು ಕೂಗುತ್ತಾರೆ ಎಂದು ಕಾದೆ. ಕೂಗಿದ್ದರೆ ನಾನು ನಿಯಮ, ಪದ್ಧತಿ ಎಂದು ಏನೋ ಒಂದು ಹೇಳಿ ಗೆಲ್ಲುತ್ತಿದ್ದೆ. ಅವರು ಕೂಗಲಿಲ್ಲ. “ಓ, ಒಂದಾ?” ಎಂದಷ್ಟೇ ಹೇಳಿ ಕೂತರು. ಪಕ್ಕದಲ್ಲಿದ್ದ ಎಲೆ ಅಕ್ಕ ಏನಾಯಿತು ಎಂದು ತಮಿಳಿನಲ್ಲಿ ಕೇಳುತ್ತಿದ್ದಳು. ನನಗೆ ಮುಖ ಎತ್ತಲಾಗದಷ್ಟು ನಾಚಿಕೆಯಾಯಿತು.

ಮರುದಿನ ನಾಲ್ಕೂ ಪೆಟ್ಟಿಗೆಗಳನ್ನು ಮತ್ತೆ ಬಿಚ್ಚಿದೆ. ಎಲ್ಲಾದರೂ ಕಳ್ಳಸಹಿ ಸಿಕ್ಕೀತು, ಸಿಕ್ಕರೆ ನನ್ನ ತಪ್ಪು ಅದರಡಿ ಮುಚ್ಚಿಹೋದೀತು ಎಂಬ ಆಸೆ. ಪತ್ರಗಳನ್ನು ವಿಳಾಸದ ಪ್ರಕಾರ ವಿಂಗಡಿಸಿದೆ. ಬಾಣಸವಾಡಿ ಒಂದು ಕಟ್ಟು, ಗರುಡಾಚಾರ್‌ಪಾಳ್ಯ ಒಂದು ಕಟ್ಟು. ಕೆ.ಆರ್. ಪುರದ ಒಂದೇ ಕಟ್ಟಡದಿಂದ ಅರವತ್ತೆರಡು ಪತ್ರ, ಅದು ಒಂದು ರೆಸ್ಟೋರೆಂಟಿನ ಕೆಲಸಗಾರರು ಇರುವ ವಸತಿ. ಆ ರಸ್ತೆಯಲ್ಲೇ ವಾಸಿಸುವವರದ್ದು ಇಪ್ಪತ್ತೇಳು. ಪತ್ರದಲ್ಲಿ ನಂಬರ್ ಕೊಟ್ಟಿದ್ದ ಕೆಲವರಿಗೆ ಫೋನ್ ಮಾಡಿ ನೋಡಿದೆ.

ಗರುಡಾಚಾರ್‌ಪಾಳ್ಯದ ಒಬ್ಬ ಹೆಣ್ಣುಮಗಳು ಹೇಳಿದಳು: “ಹೌದು ಮೇಡಂ, ನಂದೇ ಸೈನು. ಬಿಲ್ ಕೊಡೋವಾಗ ಪಾರ್ಕಿಂಗ್ ಬೇಕಾ ಅಂದ್ರು. ಯಾರಿಗ್ ಬೇಡ ಹೇಳಿ? ಸೈನ್ ಮಾಡ್ದೆ. ಐಸ್‌ಕ್ರೀಮ್ ಫ್ರೀ ಕೊಟ್ರು.”

“ಅಲ್ಲಿರೋ ವ್ಯಾಪಾರಿಗಳನ್ನ ತೆಗೀತಾರೆ ಅಂತ ಹೇಳಿದ್ರಾ?”

“ಇಲ್ಲಪ್ಪಾ. ಅಷ್ಟೆಲ್ಲ ಓದ್ಲಿಲ್ಲ.”

ಮೂರು ದಿನ ಹುಡುಕಿದರೂ ಒಂದೂ ಸುಳ್ಳು ಸಿಗಲಿಲ್ಲ. ಎಲ್ಲ ಸಹಿಯೂ ಆಯಾ ಜನರದ್ದೇ. ಪತ್ರ ಹಂಚಲು, ಸಂಗ್ರಹಿಸಲು, ಪಟ್ಟಿ ಮಾಡಲು ಸಂಘ ಒಂದು ಏಜೆನ್ಸಿಯನ್ನು ಗೊತ್ತುಮಾಡಿತ್ತು. ಆ ಏಜೆನ್ಸಿಯವರಿಗೆ ನಮ್ಮ ಕಚೇರಿ ಹೇಗೆ ಎಣಿಸುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಸಂಘ ಆ ತಿಳಿವಳಿಕೆಯನ್ನು ದುಡ್ಡು ಕೊಟ್ಟು ಪಡೆದಿತ್ತು. ಭಾಯ್ ಅದೇ ಪ್ರಶ್ನೆಯನ್ನು ನನ್ನನ್ನು ಪುಕ್ಕಟೆಯಾಗಿ ಕೇಳಿದ್ದರು. ಮೊದಲಿಗೆ ತಾವಾಗಿಯೇ ಸರಿಯಾದ ರೀತಿಯಲ್ಲಿ ತಂದೂ ಇದ್ದರು. ಅದನ್ನು ಕೆಡಿಸಿದವಳು ನಾನು.

ನನ್ನ ಮುಂದೆ ಎರಡು ದಾರಿಯಿತ್ತು. ತಃಖ್ತೆಯನ್ನು ಹಾಗೇ ಬಿಟ್ಟರೆ ಯಾರೂ ನನ್ನನ್ನು ಏನೂ ಕೇಳುವಂತಿರಲಿಲ್ಲ, ಅದು ಪದ್ಧತಿಯ ಪ್ರಕಾರವೇ ಇತ್ತು. ಇಲ್ಲವಾದರೆ ಅದನ್ನು ಹೊಸದಾಗಿ ಮಾಡಬೇಕು, ಯಾಕೆ ಹೊಸದು ಎಂದು ಟಿಪ್ಪಣಿಯಲ್ಲಿ ಬರೆಯಬೇಕು. ಆ ತಿಂಗಳು ಬಡ್ತಿ ಪಟ್ಟಿ ಸಿದ್ಧವಾಗುತ್ತಿತ್ತು, ಅದರಲ್ಲಿ ನನ್ನ ಹೆಸರಿತ್ತು. ಎರಡು ದಿನ ಆ ಕಡತವನ್ನು ಮುಟ್ಟಲಿಲ್ಲ. ಮನೆಯಲ್ಲಿ ಕುಕ್ಕರ್ ಕೂಗಿದಾಗಲೆಲ್ಲ ಸಿಡಿಮಿಡಿಗುಟ್ಟಿದೆ. ಮೂರನೆಯ ದಿನ ಬೆಳಿಗ್ಗೆ ಕಚೇರಿಗೆ ಬಂದು ಗೆರೆ ಹಾಕಲು ಕೂತೆ.

ಹೊಸ ತಃಖ್ತೆಯಲ್ಲಿ ಎರಡು ಕಾಲಂ ಹೆಚ್ಚು ಹಾಕಿದೆ: ಸಹಿದಾರರ ಸಂಖ್ಯೆ, ಸದರಿ ರಸ್ತೆಯಲ್ಲಿ ವಾಸ ಅಥವಾ ಜೀವನೋಪಾಯ ಇದೆಯೇ ಇಲ್ಲವೇ. ಆಮೇಲೆ ಟಿಪ್ಪಣಿ ಹಾಳೆಯಲ್ಲಿ ಮೂವತ್ತೊಂದನೆಯ ಕಂಡಿಕೆ ಬರೆದೆ. ‘ಕ್ರಮ ಸಂಖ್ಯೆ 19ರ ಅರ್ಜಿದಾರರು ಮೊದಲಿಗೆ 141 ಪ್ರತ್ಯೇಕ ಆಕ್ಷೇಪಣೆಗಳನ್ನು ತಂದಿದ್ದರು. ಅವುಗಳನ್ನು ಸ್ವೀಕರಿಸದೆ, ಒಂದೇ ಅರ್ಜಿಯಾಗಿ ಸಲ್ಲಿಸಲು ವಿಷಯ ನಿರ್ವಾಹಕಿಯಾದ ನಾನೇ ತಿಳಿಸಿದ್ದೆ. ಆದ್ದರಿಂದ ಸದರಿ ಅರ್ಜಿಯನ್ನು ಒಂದೆಂದು ಪರಿಗಣಿಸುವುದು ಸರಿಯಲ್ಲ.’ ಸಹಿ, ದಿನಾಂಕ.

ಕಡತ ಒಳಗೆ ಹೋಯಿತು. ಸಂಜೆ ವಾಪಸ್ ಬಂತು. ಕಂಡಿಕೆಯ ಪಕ್ಕ ಹಸಿರು ಶಾಯಿಯಲ್ಲಿ ಒಂದೇ ಪದ: ‘ಚರ್ಚಿಸಿ’. ಸಾಹೇಬರಿಗೆ ಬರವಣಿಗೆಯಲ್ಲಿ ಹೇಳಲು ಇಷ್ಟವಿಲ್ಲದ್ದು ಏನಾದರೂ ಇದ್ದರೆ ಹೀಗೆ ಬರೆಯುತ್ತಾರೆ. ಒಳಗೆ ಹೋದೆ. ಸಾಹೇಬರು ಕೆಟ್ಟವರಲ್ಲ, ಹೆದರಿದವರು.

“ಏನ್ ಮೇಡಂ ಇದು? ತಮ್ಮ ತಪ್ಪನ್ನ ತಾವೇ ಫೈಲ್‌ನಲ್ಲಿ ಬರ್ಕೋತಾರಾ ಯಾರಾದ್ರೂ?”

“ಆಗಿದ್ದು ಅದೇ ಸಾರ್.”

“ಯಾರೂ ಕೇಳಿಲ್ವಲ್ರೀ. ಆ ಭಾಯ್ ಕೂಡ ಕಂಪ್ಲೇಂಟ್ ಮಾಡಿಲ್ಲ. ಶಾಸಕರ ಕಡೆಯಿಂದ ದಿನಾ ಎರಡ್ ಸಲ ಫೋನು. ಈ ಶೀಟ್ ತೆಗೆದ್ಬಿಡಿ, ಇನ್ನೊಂದ್ ಬರೀರಿ.”

“ಪುಟ ಸಂಖ್ಯೆ ಬಿದ್ದಿದೆ ಸಾರ್, ತೆಗೆದ್ರೆ ಗೊತ್ತಾಗತ್ತೆ. ಬೇಡ ಅಂದ್ರೆ ಬೇಡ ಅಂತ ಕೆಳಗೆ ನೀವು ಬರೀರಿ. ನಾನು ಅದ್ರ ಪ್ರಕಾರ ಮಾಡ್ತೀನಿ.”

ಸಾಹೇಬರು ಪೆನ್ನು ಎತ್ತಿದರು, ಕೆಳಗಿಟ್ಟರು. ನಾಳೆ ಯಾರಾದರೂ ಮಾಹಿತಿ ಹಕ್ಕಿನಲ್ಲಿ ಆ ಪುಟ ಕೇಳಿದರೆ ನನ್ನ ಸಹಿಯ ಕೆಳಗೆ ಅವರ ಸಹಿ ಇರುತ್ತದೆ ಎಂಬುದು ಅವರಿಗೂ ಹೊಳೆಯಿತು. ಕೊನೆಗೆ ‘ಸಮಿತಿಯ ಮುಂದೆ ಮಂಡಿಸಿ’ ಎಂದು ಬರೆದು ಕಡತವನ್ನು ನನ್ನ ಕಡೆ ತಳ್ಳಿದರು.

“ನಿಮ್ಗೆ ನೋಟಿಸ್ ಕೊಡ್ಲೇಬೇಕಾಗತ್ತೆ ಮೇಡಂ” ಎಂದರು, ಬೇಸರದಿಂದಲೇ.

ಕೊಟ್ಟರು. ಕರ್ತವ್ಯ ಲೋಪಕ್ಕೆ ಕಾರಣ ಕೇಳಿ ನೋಟಿಸು. ‘ಕೆಲಸ ಕಡಿಮೆಯಾಗಲಿ ಎಂದು ಹಾಗೆ ಹೇಳಿದೆ’ ಎಂದು ಒಂದೇ ಸಾಲಿನ ಉತ್ತರ ಬರೆದೆ. ಆ ಸಲದ ಬಡ್ತಿ ಪಟ್ಟಿಯಿಂದ ನನ್ನ ಹೆಸರು ಬಿಟ್ಟುಹೋಯಿತು.

ಸಮಿತಿ ಯಾರನ್ನೂ ನೋಯಿಸದ ತೀರ್ಮಾನ ಮಾಡಿತು. ಸಂಘದ ಪತ್ರಗಳು ಹಾಗೇ ಇರುತ್ತವೆ. ವ್ಯಾಪಾರಿಗಳು ಹತ್ತು ದಿನದೊಳಗೆ ಪ್ರತ್ಯೇಕವಾಗಿ, ಸ್ವತಃ ಬಂದು, ನಿಗದಿತ ನಮೂನೆಯಲ್ಲಿ ಅರ್ಜಿ ಕೊಡಬೇಕು. ನಮೂನೆಯಲ್ಲಿ ಒಂದೇ ಹೆಸರಿಗೆ ಜಾಗ. ಅಷ್ಟರಲ್ಲಿ ಶಾಸಕರ ಸೂಚನೆಯ ಮೇರೆಗೆ ‘ಪ್ರಾಯೋಗಿಕವಾಗಿ’ ರಸ್ತೆಯ ಒಂದು ಬದಿಯಲ್ಲಿ ಪಾರ್ಕಿಂಗ್ ಆಗಲೇ ಶುರುವಾಗಿತ್ತು. ಆ ಬದಿಯಲ್ಲಿ ಕೂರುತ್ತಿದ್ದವರ ಬುಟ್ಟಿ, ತಕ್ಕಡಿ ಎತ್ತಿಸಿದರು. ಕೆಲವರು ಎದುರು ಬದಿಗೆ ಬಂದು ಒತ್ತರಿಸಿಕೊಂಡರು, ಕೆಲವರು ಎಲ್ಲಿಗೋ ಹೋದರು. ಸಂಘ ಅದಕ್ಕೆ ಬಿಳಿ ಗೆರೆ ಎಳೆಸಿಕೊಟ್ಟಿತು, ಬಣ್ಣ ಅವರ ಕೊಡುಗೆ.

ಹತ್ತು ದಿನ ವ್ಯಾಪಾರಿಗಳು ಒಬ್ಬೊಬ್ಬರಾಗಿ ಬಂದರು. ಅರ್ಧ ದಿನದ ದುಡಿಮೆ ಬಿಟ್ಟು ಬಂದವರು. ಭಾಯ್ ದಿನಾ ಬಾಗಿಲ ಹತ್ತಿರ ನಿಂತು ಸಾಲು ಮಾಡಿಸುತ್ತಿದ್ದರು, ನಮೂನೆ ತುಂಬಿಸುತ್ತಿದ್ದರು. ನಾನು ಮುದ್ರೆ ಹೊಡೆದೆ. ಒಬ್ಬರಿಗೆ ಒಂದು ಸಂಖ್ಯೆ, ಒಂದು ಸ್ವೀಕೃತಿ. ತೋಳು ಸೋತಿತು, ಸೋಲಲಿ ಎಂದುಕೊಂಡೆ. ಕೊನೆಯ ದಿನ ಐದು ಗಂಟೆಗೆ ಎಣಿಸಿದರೆ ನೂರ ಹದಿನೇಳು.

“ಇನ್ಯಾರೂ ಇಲ್ಲ ಮೇಡಂ. ಆಯ್ತು” ಎಂದರು ಭಾಯ್.

“ನಿಮ್ದೆಲ್ಲಿ?”

“ನಂದು ಮೊದ್ಲೇ ಇದ್ಯಲ್ಲಾ. ಹತ್ತೊಂಬತ್ತನೇ ನಂಬರ್. ನನ್ ಹೆಸ್ರೇ ತಾನೇ ಬರ್ದಿದ್ದು ನೀವು?”

ಆ ಹಳೆಯ ಅರ್ಜಿ ಈಗ ಲೆಕ್ಕಕ್ಕಿಲ್ಲ ಎಂಬುದು ಎಲ್ಲರ ಸಾಲು ಮಾಡಿಸಿದ ಮನುಷ್ಯನಿಗೇ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಒಂದು ನಮೂನೆ ತೆಗೆದು ನಾನೇ ತುಂಬಿದೆ, ಸಹಿ ಹಾಕಿಸಿದೆ, ಮುದ್ರೆ ಹೊಡೆದೆ. ನೂರ ಹದಿನೆಂಟು.

ಭಾಯ್ ಸ್ವೀಕೃತಿ ಮಡಚಿ ಜೇಬಿಗಿಟ್ಟುಕೊಂಡರು, ಹೋಗಲಿಲ್ಲ.

“ಇಪ್ಪತ್ಮೂರು ಜನ ಬಂದಿಲ್ಲ ಮೇಡಂ. ಆ ಕಡೆ ಸೈಡ್‌ನೋರು. ಎಲೆ ಅಕ್ಕ ಬಾಣಸವಾಡಿ ಸ್ಟೇಷನ್ ಹತ್ರ ಕೂರ್ತಾಳಂತೆ, ಫೋನ್ ಇಲ್ಲ ಅವಳ ಹತ್ರ. ಎರಡ್ ಸಲ ಹೋದೆ, ಸಿಗ್ಲಿಲ್ಲ.”

“ಅವ್ರೇ ಬರ್ಬೇಕು ಭಾಯ್. ರೂಲ್ ಹಂಗಿದೆ.”

“ಹೋದ್ಸಲ ಹಾಕಿದ್ರಲ್ಲಾ, ನನ್ ಹೆಸ್ರ್ ಮುಂದೆ ‘ಮತ್ತು ಇತರರು’ ಅಂತ. ಈ ಸಲಾನೂ ಹಾಕಿ. ಇಪ್ಪತ್ಮೂರೇ ಜನ.”

ನಮೂನೆಯನ್ನು ಅವರ ಕಡೆ ತಿರುಗಿಸಿ ತೋರಿಸಿದೆ. ಹೆಸರಿನ ಮುಂದೆ ಒಂದು ಚೌಕ, ಅದರ ಕೆಳಗೆ ಫೋಟೋ, ಅಷ್ಟೇ. ಬರೆಯಲು ಜಾಗವೇ ಇರಲಿಲ್ಲ. ಆ ದಿನ ನಾಲ್ಕೂವರೆಗೆ ಗಡಿಯಾರ ನೋಡದೆ ಮುದ್ರೆ ಹೊಡೆದಿದ್ದರೆ ಎಲೆ ಅಕ್ಕನ ಹಾಳೆ ಇವತ್ತು ಕಡತದಲ್ಲಿರುತ್ತಿತ್ತು.

ಎರಡು ತಿಂಗಳ ಮೇಲೆ ಆದೇಶವಾಯಿತು. ಒಂದು ಬದಿ ಪಾರ್ಕಿಂಗ್, ಇನ್ನೊಂದು ಬದಿ ಪ್ರತ್ಯೇಕ ಅರ್ಜಿ ಸಲ್ಲಿಸಿದ ನೂರ ಹದಿನೆಂಟು ಮಂದಿಗೆ ತಲಾ ಆರು ಅಡಿ ಜಾಗ, ಗುರುತಿನ ಚೀಟಿಯೊಂದಿಗೆ. ಸಂಘಕ್ಕೆ ಕೇಳಿದ್ದರಲ್ಲಿ ಅರ್ಧ ಸಿಕ್ಕಿತು. ಎರಡೂ ಬದಿ ಕೇಳಿದ್ದರಿಂದಲೇ ಒಂದು ಬದಿ ಇಷ್ಟು ಸಲೀಸಾಗಿ ಸಿಕ್ಕಿತು ಎಂದು ಈಗ ಅನ್ನಿಸುತ್ತದೆ. ಸಂಯೋಜಕರು ಈಗಲೂ ಬರುತ್ತಾರೆ, ನಗುತ್ತಾರೆ, ಫಿಲ್ಟರಿಗೆ ಹೊಸ ಕ್ಯಾಂಡಲ್ ಹಾಕಿಸಿದ್ದಾರೆ. ನಾನು ಮನೆಯಿಂದ ನೀರು ತರುತ್ತೇನೆ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂಬುದು ನನಗೂ ಗೊತ್ತು.

ಮೊನ್ನೆ ಆ ರಸ್ತೆಯ ತಪಾಸಣೆಗೆ ನಮ್ಮ ಕಚೇರಿಯವರ ಜೊತೆ ನಾನೂ ಹೋಗಿದ್ದೆ. ಗುರುತಿನ ಚೀಟಿ ನೋಡುತ್ತ ಹೋಗುವುದು, ಚೀಟಿ ಇಲ್ಲದವರನ್ನು ಬರೆದುಕೊಳ್ಳುವುದು. ಟ್ರಾನ್ಸ್‌ಫಾರ್ಮರ್ ಪಕ್ಕ ಭಾಯ್ ತಮ್ಮ ಆರು ಅಡಿಯಲ್ಲಿ ಮೂರು ಅಡಿಗೆ ಕುಕ್ಕರುಗಳನ್ನು ಒತ್ತರಿಸಿಕೊಂಡು ಕೂತಿದ್ದರು. ಉಳಿದ ಮೂರು ಅಡಿಯಲ್ಲಿ ಒದ್ದೆ ಗೋಣಿಚೀಲ ಹಾಸಿ, ಎಲೆ ಅಕ್ಕ ವೀಳ್ಯದೆಲೆಯ ಕಟ್ಟು ಬಿಡಿಸುತ್ತಿದ್ದಳು. ನಮ್ಮವರೊಬ್ಬರು ಭಾಯ್ ಚೀಟಿ ನೋಡಿ, ಆಕೆಯತ್ತ ಕೈ ತೋರಿಸಿ, “ಇವ್ರ್ಯಾರು? ಇವರ ಹೆಸ್ರೆಲ್ಲಿದೆ?” ಎಂದು ಕೇಳಿದರು.

ಭಾಯ್ ಅವರಿಗೆ ಉತ್ತರ ಕೊಡುತ್ತ ನನ್ನನ್ನು ನೋಡಿದರು.

“ಇತರರು ಸಾರ್” ಎಂದರು. “ಮೇಡಂಗೆ ಗೊತ್ತು.”

ಪಟ್ಟಿ ನನ್ನ ಕೈಯಲ್ಲಿತ್ತು. “ಇದೆ, ಮುಂದೆ ನಡೀರಿ” ಎಂದೆ.